ಬಿಳಿಯಾಗಿಯೇ ಉಳಿದ ಹೊಲ

ಖರ್ಸೆ, ಲಾಹೌಲ್
೨೪ ಫೆಬ್ರವರಿ ೧೯೭೪

ಮಗೂ ಅಂಗ್ರುಪ್,

ನಾನು ಡಿಕಿತ್. ಪುಂಛೋಗನ ತಾಯಿ ಎಂದು ಬರೆಸಲು ಹೊರಟಿದ್ದೆ, ಆಮೇಲೆ ಸುಮ್ಮನಾದೆ. ಆರು ವರ್ಷದವನಿದ್ದಾಗ ನಿನ್ನ ತಾಯಿ ಸತ್ತಳು. ಅಲ್ಲಿಂದ ಇಪ್ಪತ್ತು ವರ್ಷ ನನ್ನ ಒಲೆಯ ಮುಂದೆಯೇ ಉಂಡವನು ನೀನು. ನಿನಗೆ ನಾನು ಯಾರು ಎಂದು ಕಾಗದದಲ್ಲಿ ಹೇಳಬೇಕೇ?

ಪುಂಛೋಗ್ ಹೋದ ಹದಿನೈದನೇ ದಿನಕ್ಕೆ ನೀನು ಕುಲ್ಲುವಿಗೆ ಇಳಿದವನು ಒಂದು ಸಾಲೂ ಬರೆದಿಲ್ಲ. ಬೇಸಿಗೆಯಲ್ಲಿ ಬರೆಯುತ್ತಾನೆ ಎಂದುಕೊಂಡೆ. ಕಣಿವೆಯ ದಾರಿ ಮುಚ್ಚುವ ಮೊದಲು ಬರೆಯುತ್ತಾನೆ ಎಂದುಕೊಂಡೆ. ಈಗ ಫಾಗ್ಲಿ ಹಬ್ಬವೂ ಮುಗಿಯಿತು. ನಮ್ಮ ಮನೆಯಲ್ಲಿ ಎಣ್ಣೆ ಕಾಯಿಸಲಿಲ್ಲ, ಮಾರ್ಚೂ ರೊಟ್ಟಿ ಕರಿಯಲಿಲ್ಲ. ಮಧ್ಯಾಹ್ನ ಬಿಸಿಲಿಗೆ ಚಾವಣಿಯ ಹಿಮ ಜಾರಿ ಅಂಗಳಕ್ಕೆ ಬೀಳುತ್ತದೆ. ಪುಂಛೋಗನೇ ಬಾಗಿಲಲ್ಲಿ ನಿಂತು ಕಾಲಿನ ಹಿಮ ಕೊಡವುತ್ತಿದ್ದಾನೆ ಎಂದು ದಿನಕ್ಕೆ ಮೂರು ಸಲ ಎದ್ದು ಹೋಗುತ್ತೇನೆ. ಹೆಣವಾದರೂ ಸಿಕ್ಕಿದ್ದರೆ ಈ ಕಿವಿಗೆ ಬುದ್ಧಿ ಬರುತ್ತಿತ್ತೇನೋ. ಭಾಗಾ ನದಿ ಅದನ್ನೂ ಬಿಡಲಿಲ್ಲ.

ಇದನ್ನು ಬರೆಯುತ್ತಿರುವವಳು ನನ್ನ ಸೊಸೆ ಪಲ್ಜೋಮ್. ಐದನೇ ಕ್ಲಾಸು ಪಾಸಾದ ಹುಡುಗಿ ಎಂದು ಮದುವೆಯ ದಿನ ನೀನೇ ಊರೆಲ್ಲ ಡಂಗುರ ಸಾರಿದ್ದೆ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಇಷ್ಟು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಿಲ್ಲ. ಒಂದೇ ಒಲೆ, ಒಂದೇ ಪಾತ್ರೆ, ಒಂದೇ ಮಗು, ಆದರೂ ಮಾತಿಲ್ಲ. ಗಂಡನನ್ನು ಕೊಂದದ್ದು ನನ್ನ ಕೈಯ ಮಣ್ಣು ಎಂಬುದು ಅವಳ ನಂಬಿಕೆ. ಊರಿನ ನಂಬಿಕೆಯೂ ಅದೇ. ದಾರಿಯ ಹಿಮ ಕರಗಿದ ಕೂಡಲೇ ಮಗುವನ್ನು ಎತ್ತಿಕೊಂಡು ತವರಿಗೆ ಹೋಗುತ್ತಾಳಂತೆ, ಇನ್ನು ಬರುವುದಿಲ್ಲವಂತೆ. ಹೌದೇ ಎಂದು ಈಗ ಕೇಳಿದೆ. ತಲೆ ಎತ್ತದೆ ಬರೆಯುತ್ತಿದ್ದಾಳೆ.

ಕಾಗೆ ಕೊರಕಲಿನ ಹಿಮ ಒಂದು ಸಲ ಇಳಿದು ಬರಿದಾಗುವ ತನಕ ಅದರ ಪಕ್ಕದ ಹೊಲಕ್ಕೆ, ಹಿಮ ಬೇಗ ಕರಗಲೆಂದು, ಯಾರೂ ಮಣ್ಣು ಎರಚಬಾರದು ಎಂಬುದು ಹಿರಿಯರ ಕಟ್ಟು. ಹೋದ ವರ್ಷ ಅದು ಇಳಿಯುವ ಮೊದಲೇ ನಾನು ಎರಚಿದೆ. ಮಣ್ಣು ಬಿಸಿಲು ಕುಡಿಯಿತು, ಹಿಮ ಕರಗಿತು, ಕರಗಿದ ನೀರು ಇಳಿಜಾರಿನ ಬುಡ ಸಡಿಲ ಮಾಡಿತು, ಮೇಲಿನದೆಲ್ಲ ನನ್ನ ಮಗನ ಮೇಲೆ ಬಂತು. ಊರು ಹೇಳುವುದು ಹೀಗೆ.

ಅಲ್ಲಿ ಇದ್ದವನು ನೀನೊಬ್ಬನೇ. ಹಿಮ ಮುರಿದದ್ದು ನನ್ನ ಹೊಲದಿಂದಲೇ? ಹೌದಾದರೆ ಹೌದು ಎಂದು ಬರೆ, ಹೊರುತ್ತೇನೆ. ಇಲ್ಲವಾದರೆ ಇಲ್ಲ ಎಂದು ಬರೆ, ಇವಳು ಓದಿಕೊಳ್ಳಲಿ.

ನಿನ್ನ ದಾರಿ ಕಾಯುವ
ಅಮ್ಮ ಡಿಕಿತ್


ಕುಲ್ಲು
೧೯ ಮಾರ್ಚ್ ೧೯೭೪

ಅಮ್ಮನ ಪಾದಗಳಿಗೆ,

ನಿನ್ನ ಕಾಗದ ಹದಿನೇಳು ದಿನಕ್ಕೆ ಕೈಸೇರಿತು. ಟಪಾಲಿನ ಸುಖದಾಸನ ತಂಡ ರೋಹ್ತಾಂಗ್ ಕಣಿವೆ ಏರಲಾಗದೆ ಅದರ ಬುಡದ ಕೋಕ್ಸರ್‌ನಲ್ಲೇ ಎಂಟು ದಿನ ಕೂತಿತ್ತಂತೆ.

ನಾನು ಇಲ್ಲಿ ನಮ್ಮ ಕಡೆಯ ಒಬ್ಬರ ಸೇಬಿನ ತೋಟದಲ್ಲಿದ್ದೇನೆ. ಈಗ ಕೊಂಬೆ ಸವರುವ ಕೆಲಸ. ಬಾದಾಮಿ ಗಿಡಗಳು ಹೂ ಬಿಟ್ಟಿವೆ. ಊಟಕ್ಕೆ ತೊಂದರೆಯಿಲ್ಲ, ಆದರೆ ಬೆಣ್ಣೆ ಚಹಕ್ಕೆ ನಿನ್ನ ಕೈಯ ರುಚಿ ಬರುವುದಿಲ್ಲ. ಯಂಗ್ಜಿನ್‌ಗೆ ಒಂದು ಮರದ ಗೊಂಬೆ ಕಳಿಸಿದ್ದೇನೆ. ಮಗು ನಡೆಯುತ್ತಿರಬೇಕು.

ಅಲ್ಲಿನ ಹಿಮದ ಸುದ್ದಿ ಸುಖದಾಸ ಹೇಳಿದ. ಮೊದಲ ಹಿಮ ಕಾರ್ತಿಕದಲ್ಲೇ ತೆಳ್ಳಗೆ ಬಿದ್ದು ಎರಡು ತಿಂಗಳು ಹಾಗೇ ಒಣಗಿತಂತೆ. ಹಾಗಾದರೆ ತಳದಲ್ಲಿ ಸಕ್ಕರೆಯಂತೆ ಕಾಳುಕಾಳಾಗಿರುತ್ತದೆ, ಮೇಲೆ ಎಷ್ಟು ಬಿದ್ದರೂ ಹಿಡಿದು ಕೂರುವುದಿಲ್ಲ. ಚೈತ್ರದ ಬಿಸಿಲಿನಲ್ಲಿ ಇನ್ನೂ ಕೆಟ್ಟದು. ರಾತ್ರಿ ಮೋಡವಿದ್ದರೆ ಹಿಮ ಗಟ್ಟಿಯಾಗಿರುವುದಿಲ್ಲ, ಅಂಥ ಬೆಳಿಗ್ಗೆ ಹೊರಡಲೇ ಬೇಡಿ. ಬಿಸಿಲು ಶಿಖರಕ್ಕೆ ಬಿದ್ದ ಮೇಲೆ ಯಾರನ್ನೂ ಕಾಗೆ ಕೊರಕಲು ದಾಟಲು ಬಿಡಬೇಡಿ. ನೀನಂತೂ ಆ ಕಡೆ ಹೋಗಲೇಬೇಡ.

ನೀನು ಕೇಳಿದ್ದಕ್ಕೆ ಏನು ಹೇಳಲಿ? ಅಂದು ಕಣ್ಣಿಗೆಲ್ಲ ಹಿಮದ ಪುಡಿ ತುಂಬಿತ್ತು. ಎಲ್ಲಿಂದ ಬಂತು, ಹೇಗೆ ಬಂತು ನೆನಪಿಲ್ಲ. ದೇವರ ಆಟ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅತ್ತಿಗೆಗೂ ಅದನ್ನೇ ಹೇಳು.

ನಿನ್ನ ಮಗ
ಅಂಗ್ರುಪ್


ಖರ್ಸೆ
೫ ಏಪ್ರಿಲ್ ೧೯೭೪

ಅಂಗ್ರುಪ್,

ನಾನು ಕೇಳಿದ್ದು ಹೊಲದ ಮಾತು, ನೀನು ಬರೆದದ್ದು ಹೂವಿನ ಮಾತು. ಬೆಣ್ಣೆ ಚಹದ ನೆನಪಿದೆ, ಕಾರ್ತಿಕದ ಹಿಮದ ಲೆಕ್ಕವಿದೆ, ಕಣ್ಣೆದುರು ನಡೆದದ್ದು ಮಾತ್ರ ನೆನಪಿಲ್ಲ! ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಚಿಕ್ಕವನಿದ್ದಾಗ ಒಣ ಏಪ್ರಿಕಾಟು ಕದ್ದು ತಿಂದು ಬೀಜ ಜೇಬಿನಲ್ಲೇ ಇಟ್ಟುಕೊಂಡು ಬರುತ್ತಿದ್ದವನು ನೀನು.

ಈ ವಾರ ಊರಿನವರೆಲ್ಲ ಮಣ್ಣು ಎರಚಿದರು. ಕೊರಕಲಿನಿಂದ ದೂರದ ಹೊಲಗಳಿಗೆಲ್ಲ ಆಯಿತು. ಹೆಂಗಸರು ಸಾಲಾಗಿ ಬೆನ್ನುಬುಟ್ಟಿ ಹೊತ್ತು, ಹಾಡುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ ಹೋದರು. ನಮ್ಮ ಬಾಗಿಲ ಮುಂದೆ ಬಂದಾಗ ಹಾಡು ನಿಂತಿತು. ಯಾರೂ ಕೆಟ್ಟ ಮಾತಾಡಲಿಲ್ಲ, ಅದೇ ಕಷ್ಟ. ಅವರ ಕಣ್ಣು ನನ್ನ ಕೈ ಮೇಲೆ ಬಿದ್ದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಕೈ ಒರೆಸಿಕೊಳ್ಳುತ್ತೇನೆ. ಶರತ್ಕಾಲದಲ್ಲಿ ಅಗೆದು ತಂದ ಮಣ್ಣು ನಮ್ಮ ಕೊಟ್ಟಿಗೆಯಲ್ಲೂ ರಾಶಿ ಬಿದ್ದಿದೆ. ಕೆಳಗಿನ ಹೊಲಕ್ಕಾದರೂ ಎರಚೋಣವೆಂದು ಒಂದು ದಿನ ಬುಟ್ಟಿ ತುಂಬಿದೆ. ಎತ್ತಲು ಆಗಲಿಲ್ಲ. ಮನೆಯ ಮಾಳಿಗೆ ಮೇಲೆ ನಿಂತರೆ ಊರಿನ ಹೊಲಗಳೆಲ್ಲ ಕಪ್ಪಾಗಿ ಕಾಣುತ್ತವೆ, ನಮ್ಮವು ಮಾತ್ರ ಬಿಳಿ.

ಹೋದ ವರ್ಷ ಕಟ್ಟು ಮುರಿದು ಯಾಕೆ ಎರಚಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ನೀನೂ ಕೇಳಲಿಲ್ಲ. ಬಾರ್ಲಿಯ ಕಣಜ ತಳ ಕಂಡಿತ್ತು. ಬಾಣಂತಿಯ ಎದೆಯಲ್ಲಿ ಹಾಲು ನಿಂತುಹೋಗುತ್ತಿತ್ತು. ಹತ್ತು ದಿನ ಮೊದಲು ಬಿತ್ತಿದರೆ ಹತ್ತು ದಿನ ಮೊದಲು ಕುಯ್ಯಬಹುದು ಎಂದು ಮಣ್ಣು ಹೊತ್ತು ಹಾಕಿದೆ. ಪುಂಛೋಗನಿಗೂ ಹೇಳಲಿಲ್ಲ. ಅವನು ನಿನ್ನ ಜೊತೆ ಬಿತ್ತನೆ ಆಲೂಗೆಡ್ಡೆ ತರಲು ಆಚೆ ಊರಿಗೆ ಹೋಗಿದ್ದ.

ಇಲ್ಲಿ ಪಲ್ಜೋಮ್ ಬರೆಯುವುದನ್ನು ನಿಲ್ಲಿಸಿದಳು. ಈಗ ಮತ್ತೆ ಬರೆಯುತ್ತಿದ್ದಾಳೆ.

ನೆನಪು ಮಾಡಿಕೊ, ಮಗೂ. ನನಗೆ ಒಬ್ಬ ಮಗ ಹೋದ. ಸೊಸೆ, ಮೊಮ್ಮಗಳು ಕೂಡ ಹೋದರೆ ಈ ಒಲೆಯಲ್ಲಿ ನಾನು ಯಾರಿಗೆ ಬೆಂಕಿ ಹಚ್ಚಲಿ?

ಅಮ್ಮ

ಇಲ್ಲಿಗೆ ಅಮ್ಮ ಹೇಳಿದ್ದು ಮುಗಿಯಿತು. ಮುಂದಿನದು ನನ್ನದು, ಅವರಿಗೆ ಓದಿ ಹೇಳಿಲ್ಲ. ನೀನು ಬರೆಯುವುದನ್ನು ಮೊದಲು ಓದುವವಳು ನಾನು ಎಂದು ನಿನಗೆ ಗೊತ್ತಿದೆ. ಅದಕ್ಕೇ ಬರೆಯುತ್ತಿಲ್ಲವೇ?

ಪಲ್ಜೋಮ್


ಖರ್ಸೆ
೨೨ ಏಪ್ರಿಲ್ ೧೯೭೪

ಅಂಗ್ರುಪ್,

ಈ ಕಾಗದ ನಾನೇ ಬರೆಯುತ್ತಿದ್ದೇನೆ, ಯಾರೂ ಹೇಳಿಸುತ್ತಿಲ್ಲ. ನಿನ್ನಿಂದ ಉತ್ತರ ಬಂದಿಲ್ಲ.

ನಿನ್ನೆ ಕಾಗೆ ಕೊರಕಲು ಇಳಿಯಿತು. ಮೂರು ದಿನದಿಂದ ರಾತ್ರಿಯೂ ಸೆಖೆಯಿತ್ತು. ಬೆಳಿಗ್ಗೆ ಹಿಮದ ಮೇಲೆ ಕಾಲಿಟ್ಟರೆ ತೊಡೆಯ ತನಕ ಹುಗಿಯುತ್ತಿತ್ತು, ಕೆಳಗೆ ನೀರು ಹರಿಯುವ ಸದ್ದು. ಊರಿನವರು ಯಾರೂ ಆ ಕಡೆ ಹೋಗಿರಲಿಲ್ಲ. ಮಧ್ಯಾಹ್ನ ಗುಡುಗಿದಂತಾಯಿತು. ಮಗುವಿಗೆ ಗಂಜಿ ಕುಡಿಸುತ್ತಿದ್ದೆ. ತಿರುಗಿ ನೋಡಿದರೆ ಅಮ್ಮ ಒಲೆಯ ಹತ್ತಿರ ಇಲ್ಲ.

ಮಗುವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಓಡಿದೆ. ಒಂದು ಸಲ ಇಳಿದ ಬಳಿಕ ಮೇಲೆ ಉಳಿದದ್ದು ಇನ್ನೊಂದು ಸಲ ಬರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಕೆಸರು ಹಿಮದ ರಾಶಿ ಹತ್ತಿ ಕೂತು ಬರಿಗೈಯಲ್ಲಿ ಅಗೆಯುತ್ತಿದ್ದರು. ಹೋದ ವರ್ಷದ ಮಗನನ್ನು ಈ ವರ್ಷದ ಹಿಮದಲ್ಲಿ ಹುಡುಕುತ್ತಿದ್ದರು. ರಟ್ಟೆ ಹಿಡಿದು ಎಳೆದೆ. "ಬಿಡೇ, ಇಲ್ಲೇ ಇದಾನೆ, ಕಾಲು ಕೊಡವ್ತಾ ಇದಾನೆ, ನಂಗೆ ಕೇಳಿಸ್ತು" ಅಂದರು. ಹೊತ್ತುಕೊಂಡೇ ಬಂಡೆಯ ಮರೆಗೆ ಬಂದೆ. ನಾವು ಅಲ್ಲಿ ಮುದುರಿ ಕೂತ ಮೇಲೆ ಎರಡನೆಯದು ಬಂತು, ಅವರು ಅಗೆಯುತ್ತಿದ್ದ ಜಾಗದ ಮೇಲೆಯೇ.

ಒಂದು ವರ್ಷದಿಂದ ನಾನು ಅವರ ಮೈ ಮುಟ್ಟಿರಲಿಲ್ಲ. ಅವರು ಎಷ್ಟು ಹಗುರವಾಗಿದ್ದಾರೆ ಅಂಗ್ರುಪ್, ಒಂದು ಬುಟ್ಟಿ ಹುಲ್ಲಿನಷ್ಟೂ ಭಾರವಿಲ್ಲ. ನನಗೆ ಅವರ ಮೇಲಿನ ಸಿಟ್ಟು ಹೋಗಿಲ್ಲ. ಆದರೆ ಅದನ್ನು ಸರಿಯಾದ ಕಡೆ ಇಟ್ಟಿದ್ದೇನೆಯೇ ಎಂದು ನಿನ್ನೆಯಿಂದ ಅನುಮಾನ ಬಂದಿದೆ.

ಮೇ ತಿಂಗಳ ಕೊನೆಗೆ ನನ್ನ ಅಣ್ಣ ಕರೆದೊಯ್ಯಲು ಬರುತ್ತಾನೆ. ಅಷ್ಟರೊಳಗೆ ಬರೆ. ಏನಾದರೂ ಸರಿ, ನಿಜ ಬರೆ. ಓದುವ ಧೈರ್ಯ ನನಗಿದೆ.

ಪಲ್ಜೋಮ್


ಕುಲ್ಲು
೬ ಮೇ ೧೯೭೪

ಅಮ್ಮ,

ಇದನ್ನು ಅತ್ತಿಗೆ ನಿನಗೆ ಓದಿ ಹೇಳುತ್ತಾಳೆ. ಅವಳ ಬಾಯಿಂದ ಈ ಮಾತು ಹೇಳಿಸಬೇಕಾಗುತ್ತದೆ ಎಂಬ ಹೆದರಿಕೆಯಿಂದಲೇ ಒಂದು ವರ್ಷ ಸುಮ್ಮನಿದ್ದೆ. ಅತ್ತಿಗೆ, ನಿಲ್ಲಿಸದೆ ಓದು.

ಅಮ್ಮ, ಹಿಮ ಮುರಿದದ್ದು ನಿನ್ನ ಹೊಲದಿಂದಲ್ಲ. ಮೊದಲು ಅದನ್ನೇ ಬರೆಯುತ್ತೇನೆ, ಆಮೇಲೆ ನನ್ನ ಕೈ ನಿಂತುಹೋದರೂ ಅಷ್ಟಾದರೂ ನಿನಗೆ ತಲುಪಲಿ. ಕೊರಕಲು ಇಳಿದು ಹಿಮದ ಪುಡಿ ಕೂತ ಮೇಲೆ ನಾನು ಕಣ್ಣಾರೆ ನೋಡಿದೆ. ಸುತ್ತಲಿನ ಇಳಿಜಾರೆಲ್ಲ ಬೋಳಾಗಿತ್ತು, ನೀನು ಮಣ್ಣೆರಚಿದ ಹೊಲ ಹಾಗೇ ಇತ್ತು. ಕಪ್ಪಗೆ, ಚೌಕವಾಗಿ, ಒಂದು ಅಂಗುಲವೂ ಜಾರಿರಲಿಲ್ಲ. ಊರಿನವರು ಓಡಿ ಬರುವಷ್ಟರಲ್ಲಿ ಎರಡನೆಯದು ಇಳಿದು ಅದನ್ನೂ ಮುಚ್ಚಿತು. ಹಾಗಾಗಿ ಅದನ್ನು ನೋಡಿದವನು ನಾನೊಬ್ಬನೇ.

ಮುರಿದದ್ದು ನಾನು ತುಳಿದ ಜಾಗದಿಂದ.

ಅಂದು ಬೆಳಗಾಗುವ ಮೊದಲೇ ಹೊರಡೋಣ ಎಂದು ಪುಂಛೋಗ್ ಎಬ್ಬಿಸಿದ. ಹಿಂದಿನ ದಿನ ಆ ಊರಿನವರ ಮನೆಯಲ್ಲಿ ಛಂಗ್ ಕುಡಿದು ಬಿದ್ದುಕೊಂಡಿದ್ದ ನಾನು ಏಳಲಿಲ್ಲ. ಕೊರಕಲಿನ ಅಂಚಿಗೆ ಬಂದಾಗ ಬಿಸಿಲು ಶಿಖರ ದಾಟಿ ಅರ್ಧ ಇಳಿಜಾರಿಗೆ ಬಂದಿತ್ತು. ಬಂಡೆಯ ಕೆಳಗೆ ಕೂರೋಣ, ನಾಳೆ ಬೆಳಿಗ್ಗೆ ಹಿಮ ಗಟ್ಟಿಯಾದ ಮೇಲೆ ದಾಟೋಣ ಎಂದ ಅವನು. ಚೀಲದಲ್ಲಿ ಹುರಿದ ಬಾರ್ಲಿಯ ಹಿಟ್ಟಿತ್ತು, ಒಂದು ರಾತ್ರಿ ಕಳೆಯಬಹುದಿತ್ತು. ನಾನು ನಕ್ಕೆ. "ಮಗು ಹುಟ್ಟಿದ್ ಮೇಲೆ ನಿನ್ ಮೊಣಕಾಲು ಮೆತ್ತಗಾಗ್ಬಿಟ್ಟಿದೆ ಕಣೋ. ನೋಡ್ತಿರು, ನಾನು ದಾಟಿ ತೋರಿಸ್ತೀನಿ" ಅಂದೆ.

ತಳಕ್ಕೆ ಇಳಿದು ಹತ್ತುವ ಹಳೆಯ ದಾರಿ ಬಿಟ್ಟು, ಮೇಲಿನಿಂದಲೇ ಅಡ್ಡ ಹಾಯ್ದೆ. ನಡುವೆ ಬಂದಾಗ ಕಾಲ ಕೆಳಗೆ ಧುಂ ಎಂದಿತು, ಮಾಳಿಗೆಯಲ್ಲಿ ಬಾರ್ಲಿಯ ಮೂಟೆ ಬಿದ್ದ ಹಾಗೆ. ಇಡೀ ಇಳಿಜಾರು ಒಂದು ಬೆರಳು ಕೆಳಗೆ ಕೂತಿತು. ನನ್ನ ಪೂಲಾ ಹುಲ್ಲುಚಪ್ಪಲಿಯ ಪಕ್ಕದಿಂದ ಒಂದು ಬಿರುಕು ಮೇಲಕ್ಕೆ ಓಡಿತು. ಅದರ ಅರ್ಥ ನಮ್ಮಲ್ಲಿ ಎಂಟು ವರ್ಷದ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಉಸಿರು ಬಿಗಿಹಿಡಿದು ಆಚೆ ತಲುಪಿದೆ.

ಮೊದಲು ದಾಟಿದವನು ಹಿಂದೆ ನಿಂತವನಿಗೆ ಕೋಲಿನಲ್ಲಿ ಹೇಳಬೇಕಲ್ಲ. ಕೂಗುವಂತಿಲ್ಲ. ಕೋಲನ್ನು ತಲೆಯ ಮೇಲೆ ಅಡ್ಡ ಹಿಡಿದರೆ ನಿಲ್ಲು, ನೆಟ್ಟಗೆ ಎತ್ತಿದರೆ ಬಾ. ಇದನ್ನು ನಮ್ಮಿಬ್ಬರಿಗೂ ಕಲಿಸಿದವಳು ನೀನು, ಮನೆಯಂಗಳದಲ್ಲಿ. ಕೋಲು ಸುಳ್ಳು ಹೇಳಬಾರದು ಎಂದಿದ್ದೆ.

ಅಡ್ಡ ಹಿಡಿಯಲೆಂದೇ ಎರಡು ಕೈಯಲ್ಲಿ ಕೋಲು ತೆಗೆದುಕೊಂಡೆ. ಆಗ ನಾನು ಆಡಿದ ಮಾತು ನೆನಪಾಯಿತು. ಅವನು ಆ ಕಡೆ ಕೂತು ನಗುತ್ತಾನೆ, ಮುಂದಿನ ಹಬ್ಬದಲ್ಲಿ ಎಲ್ಲರ ಮುಂದೆ ಹೇಳುತ್ತಾನೆ, ಯಾರ ಮೊಣಕಾಲು ಮೆತ್ತಗಾಯಿತು ಎಂದು. ಕೂತ ಹಿಮ ಕೂತಾಯಿತು, ಇನ್ನು ಏಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೋಲನ್ನು ನೆಟ್ಟಗೆ ಎತ್ತಿದೆ.

ಅವನು ಎದ್ದ. ನನ್ನ ಹಾಗೆ ಮೇಲಿನಿಂದ ಬರಲಿಲ್ಲ, ಬುದ್ಧಿವಂತ, ತಳದ ದಾರಿ ಹಿಡಿದ. ಬೆನ್ನ ಮೇಲೆ ಆಲೂಗೆಡ್ಡೆಯ ಮೂಟೆಯಿತ್ತು. ತಳಕ್ಕೆ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದ. ನಾನು ಇನ್ನೂ ಕೋಲು ಎತ್ತಿಯೇ ಇದ್ದೆ ಅಮ್ಮ. ಆಗ ಬಿರುಕಿದ್ದ ಜಾಗದಿಂದ ಬಂತು.

ಇಲ್ಲಿ ಸವರುವ ಕೆಲಸಕ್ಕೆ ದಿನವಿಡೀ ಗರಗಸ ಹಿಡಿದು ಕೈ ಮೇಲೆತ್ತಬೇಕು. ಎತ್ತಿದಾಗಲೆಲ್ಲ ಗಿಡಗಳ ಸಾಲಿನ ಕೊನೆಯಲ್ಲಿ ಅವನು ಎದ್ದು ಬರುತ್ತಾನೆ. ನನ್ನನ್ನು ನಂಬಿಕೊಂಡೇ ಬರುತ್ತಾನೆ, ಮುಖದಲ್ಲಿ ಸಿಟ್ಟೂ ಇರುವುದಿಲ್ಲ.

ಈ ಕಾಗದವನ್ನು ಊರಿನ ಮುಖಂಡರ ಮುಂದೆ ಓದಿಸು. ನಿನ್ನ ಮೇಲಿನ ಮಾತು ಇಳಿಯಲಿ, ನನ್ನ ಮೇಲೆ ಬರಲಿ. ಅತ್ತಿಗೆ, ನೀನು ಅಮ್ಮನನ್ನು ಬಿಟ್ಟು ಹೋಗಬೇಡ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಕೇಳುವುದೂ ಇಲ್ಲ.

ಅಂಗ್ರುಪ್


ಖರ್ಸೆ
೨೩ ಮೇ ೧೯೭೪

ಮಗೂ ಅಂಗ್ರುಪ್,

ನಿನ್ನ ಕಾಗದ ಬಂತು. ಪಲ್ಜೋಮ್ ಓದಿ ಹೇಳಿದಳು. ಹಿಮ ನನ್ನ ಹೊಲದಿಂದ ಬರಲಿಲ್ಲ, ಮಣ್ಣೆರಚಿದ ಹಿಮ ಕಪ್ಪಗೆ ಹಾಗೇ ಇತ್ತು, ಕಣ್ಣಾರೆ ಕಂಡೆ ಎಂದು ಬರೆದಿದ್ದೀಯ. ಶಿಖರದ ಅಂಚಿನಿಂದ ತಾನಾಗಿಯೇ ಮುರಿದು ಬಂತು, ಅದಕ್ಕೆ ಯಾರ ಕೈಯೂ ಕಾರಣವಲ್ಲ, ಯಾರ ಕಾಲೂ ಕಾರಣವಲ್ಲ ಎಂದು ಬರೆದಿದ್ದೀಯ. ಎದೆಯ ಮೇಲಿನ ಬಂಡೆ ಇಳಿಸಿದೆ, ಮಗೂ. ನೀನು ನೂರು ವರ್ಷ ಬಾಳು.

ಇಷ್ಟು ಹೇಳಲು ಒಂದು ವರ್ಷ ಬೇಕಾಯಿತೇ ಎಂದು ಬೈಯಬೇಕೆಂದಿದ್ದೆ. ಬೈಯುವುದಿಲ್ಲ. ಗೆಳೆಯನನ್ನು ಕಣ್ಣೆದುರೇ ಕಳೆದುಕೊಂಡವನಿಗೆ ಬಾಯಿ ಕಟ್ಟುವುದು ಸಹಜ.

ನಿನ್ನೆ ಪಲ್ಜೋಮ್‌ನ ಅಣ್ಣ ಬಂದಿದ್ದ. ಊಟ ಮಾಡಿಸಿ ಕಳಿಸಿದೆವು, ಒಬ್ಬನೇ ಹೋದ. ಹೊಲದ ಹಿಮ ತಾನಾಗಿಯೇ ಕರಗಿದೆ, ಉಳಿದವರಿಗಿಂತ ಹನ್ನೆರಡು ದಿನ ತಡ. ಆದರೂ ಬಿತ್ತುತ್ತೇವೆ. ಉಳುವವರು ಮನೆಯಲ್ಲಿ ಯಾರೂ ಇಲ್ಲ. ನೀನು ಬಾ. ರೋಹ್ತಾಂಗ್ ಈಗ ದಾಟಬಹುದಂತೆ. ಬೆಳಗಿನ ಜಾವ ಹೊರಡು, ಬಿಸಿಲೇರುವ ಮೊದಲು ಮೇಲಿನದನ್ನೆಲ್ಲ ದಾಟಿಬಿಡು. ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ನಿನ್ನ ಅಮ್ಮ
ಡಿಕಿತ್

ಇನ್ನು ಇದು ನನ್ನದು.

ನಿಲ್ಲಿಸದೆ ಓದು ಎಂದು ನೀನು ಬರೆದಿದ್ದೆ. ನಿಲ್ಲಿಸಿದೆ. ಹೊಲ ಹಾಗೇ ಇತ್ತು ಎಂಬಲ್ಲಿಯವರೆಗೆ ನಿನ್ನ ಮಾತು ಓದಿದೆ. ಆಮೇಲಿನದನ್ನು ಕಣ್ಣಲ್ಲಿ ಓದಿಕೊಂಡು, ಬಾಯಲ್ಲಿ ಶಿಖರದ ಅಂಚು, ತಾನಾಗಿಯೇ ಮುರಿಯಿತು ಎಂದೆಲ್ಲ ಕಟ್ಟಿ ಹೇಳಿದೆ. ನಿನ್ನನ್ನು ಉಳಿಸಲು ಹಾಗೆ ಮಾಡಲಿಲ್ಲ. ನೀನು ಎತ್ತಿದ ಆ ಕೋಲನ್ನು ನಾನು ಸಾಯುವ ತನಕ ಕ್ಷಮಿಸುವುದಿಲ್ಲ, ಇದನ್ನು ಬರೆದೇ ತಿಳಿಸುತ್ತಿದ್ದೇನೆ. ಆದರೆ ಅವರು ಸಾಕಿದ ಮಕ್ಕಳು ಇಬ್ಬರು. ಒಬ್ಬನನ್ನು ಕೊರಕಲು ತಿಂದಿತು, ಇನ್ನೊಬ್ಬನನ್ನು ನನ್ನ ಬಾಯಿಂದಲೇ ಕೊಲ್ಲಲು ನನಗೆ ಆಗಲಿಲ್ಲ.

ಓದಿ ಮುಗಿಸಿದ ಮೇಲೆ ಅಮ್ಮ ಕಾಗದಕ್ಕೆ ಕೈ ಚಾಚಿದರು. ಅಕ್ಷರ ಬಾರದವರು, ಆದರೂ ಒಂದೊಂದೇ ಹಾಳೆ ತಿರುವಿ ಸಾಲುಗಳ ಮೇಲೆ ಬೆರಳಾಡಿಸಿದರು.

"ನಾಕ್ ಹಾಳೆ ತುಂಬಾ ಬರ್ದಿದಾನೆ. ನೀನ್ ಓದಿದ್ದು ಒಂದ್ ಹಾಳೆಯಷ್ಟೂ ಇಲ್ವಲ್ಲೇ?"

ಮಿಕ್ಕಿದ್ದೆಲ್ಲ ಊರಿನವರಿಗೆ, ನೆಂಟರಿಗೆ ನಮಸ್ಕಾರ ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಮಗು ಅವರ ತೊಡೆಯ ಮೇಲೆ ನಿದ್ದೆ ಹೋಗಿತ್ತು.

"ನಮಸ್ಕಾರಾನೇ ಇರ್ಬೇಕು ಬಿಡು" ಅಂದರು.

ಊರಿನ ಮುಂದೆ ಹಿಡಿದು ತೋರಿಸಲು ಅವರಿಗೆ ಇದ್ದದ್ದು ಆ ಕಾಗದ ಒಂದೇ. ನಾಲ್ಕೂ ಹಾಳೆಗಳನ್ನು ಒಟ್ಟಿಗೆ ಮಡಚಿ ಒಲೆಗೆ ಹಾಕಿದರು. ಪೂರ್ತಿ ಉರಿದು ಬೂದಿಯಾಗುವ ತನಕ ಕೋಲಿನಿಂದ ಒತ್ತಿ ಹಿಡಿದರು. ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತು, ಹೊಸ ಹಾಳೆ ತಗೋ, ಬರಿ ಎಂದರು. ಮೇಲೆ ಇರುವುದನ್ನೆಲ್ಲ ಹೇಳಿ ಬರೆಸಿದ್ದು ಆಗ.

ಪಲ್ಜೋಮ್